ಹಾರ್ಟ್ ಫೇಲ್ಯೂರ್ ಇದ್ದವರ ತೂಕ: ಏರಿದರೆ ಏನು, ಇಳಿದರೆ ಏನು?

ಹಾರ್ಟ್ ಫೇಲ್ಯೂರ್ ಇದ್ದವರ ಮನೆಗಳಿಂದ ಬರುವ ಪ್ರಶ್ನೆಗಳಲ್ಲಿ ಬಹುಪಾಲು ತೂಕದ ಬಗ್ಗೆಯೇ ಇರುತ್ತವೆ. "ಆರು ತಿಂಗಳಲ್ಲಿ ಅಪ್ಪ ಆರು ಕೆಜಿ ಇಳಿದಿದ್ದಾರೆ, ಒಳ್ಳೆಯದೇ ಅಲ್ವಾ?" "ಅಮ್ಮನಿಗೆ ತೂಕ ಇಳಿಸಿ ಅಂದಿದ್ದಾರೆ. ಆದರೆ ಈ ಕಾಯಿಲೆಯಲ್ಲಿ ದಪ್ಪ ಇದ್ದವರೇ ಹೆಚ್ಚು ದಿನ ಬದುಕ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂತು. ಯಾವುದನ್ನು ನಂಬಬೇಕು?" "ಮೂರು ದಿನದಲ್ಲಿ ಎರಡು ಕೆಜಿ ಏರಿದೆ, ಊಟವೇನೂ ಜಾಸ್ತಿ ಮಾಡಿಲ್ಲವಲ್ಲ?"

ಈ ಮೂರಕ್ಕೂ ಉತ್ತರ ಬೇರೆ ಬೇರೆ. ತಕ್ಕಡಿ ತೋರಿಸುವ ಒಂದೇ ಅಂಕಿಯೊಳಗೆ ನೀರೂ ಇದೆ, ಮಾಂಸಖಂಡವೂ ಇದೆ, ಕೊಬ್ಬೂ ಇದೆ. ನೀರು ದಿನಗಳಲ್ಲಿ ಏರಿಳಿಯುತ್ತದೆ, ಖಂಡ ತಿಂಗಳುಗಳಲ್ಲಿ ಕರಗುತ್ತದೆ, ಕೊಬ್ಬು ವರ್ಷಗಟ್ಟಲೆ ಕೂಡಿಕೊಂಡು ಬಂದಿರುತ್ತದೆ. ಏರಿದ್ದು ಯಾವುದು, ಇಳಿದದ್ದು ಯಾವುದು ಎಂದು ಬಿಡಿಸಿ ನೋಡಲು ಕಲಿತರೆ ಎಷ್ಟೋ ಸಲ ಆಸ್ಪತ್ರೆಗೆ ಅಡ್ಮಿಟ್ ಆಗುವುದನ್ನೇ ತಪ್ಪಿಸಬಹುದು. ಅದನ್ನು ಮನೆಯಲ್ಲೇ ಮಾಡುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ಒಂದೆರಡು ಪದ. ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದು ಅಂತಲ್ಲ, ಹಾರ್ಟ್ ಅಟ್ಯಾಕ್ ಅಂತಲೂ ಅಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಹೃದಯಕ್ಕೆ ಆಗದೆ, ನೀರು ಶ್ವಾಸಕೋಶ, ಕಾಲು, ಹೊಟ್ಟೆಗಳಲ್ಲಿ ನಿಲ್ಲುವ ಸ್ಥಿತಿ. ಡಾಕ್ಟರು "ಪಂಪಿಂಗ್ ಕಮ್ಮಿ ಇದೆ" ಎನ್ನುವುದು ಇಎಫ್ ಅಂದರೆ ಇಜೆಕ್ಷನ್ ಫ್ರ್ಯಾಕ್ಷನ್ ನೋಡಿ. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಂಪಿಂಗ್ ಶಕ್ತಿ ಕಡಿಮೆಯಾದ ಬಗೆ. 50 ಅಥವಾ ಅದಕ್ಕಿಂತ ಹೆಚ್ಚು ಇದ್ದೂ ಕಾಯಿಲೆ ಇರಬಹುದು; ಅಲ್ಲಿ ಹೃದಯ ಸರಿಯಾಗಿ ಕುಗ್ಗುತ್ತದೆ, ಆದರೆ ಗಡುಸಾಗಿರುವುದರಿಂದ ಸರಿಯಾಗಿ ಹಿಗ್ಗಿ ತುಂಬಿಕೊಳ್ಳುವುದಿಲ್ಲ. ಎಕೋ ಅಂದರೆ ಹೃದಯದ ಸ್ಕ್ಯಾನ್ ವರದಿಯಲ್ಲಿ ನಿಮ್ಮವರ ಇಎಫ್ ಎಷ್ಟಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಏಳನೇ ಹಂತದಲ್ಲಿ ಅದು ಬೇಕಾಗುತ್ತದೆ.

ಏನೇನು ಬೇಕು

ಒಂದು ಡಿಜಿಟಲ್ ತೂಕದ ಯಂತ್ರ, 100 ಗ್ರಾಂ ವ್ಯತ್ಯಾಸವನ್ನೂ ತೋರಿಸುವಂಥದ್ದು. ಮುಳ್ಳು ತಿರುಗುವ ಹಳೆಯ ಯಂತ್ರದಲ್ಲಿ ಅರ್ಧ ಕೆಜಿ ಆಚೀಚೆ ಆದರೆ ಗೊತ್ತಾಗುವುದಿಲ್ಲ. ನಮಗೆ ಬೇಕಾಗಿರುವುದು ಆ ಅರ್ಧ ಕೆಜಿಯೇ. ಮೊಬೈಲಿಗೆ ಜೋಡಿಸುವ ದುಬಾರಿ ಯಂತ್ರ ಬೇಡ. ಕೊಬ್ಬು ಇಷ್ಟು, ನೀರು ಇಷ್ಟು ಎಂದು ತೋರಿಸುವ ಯಂತ್ರಗಳು ಪಾದದಿಂದ ಸಣ್ಣ ಕರೆಂಟು ಹಾಯಿಸಿ ಅಂದಾಜು ಮಾಡುತ್ತವೆ. ಕಾಲು ಬಾತವರಲ್ಲಿ ಆ ಅಂದಾಜು ನಂಬುವಂಥದ್ದಲ್ಲ, ಪೇಸ್‌ಮೇಕರ್ ಇದ್ದವರು ಅಂಥ ಯಂತ್ರ ಹತ್ತುವುದೇ ಬೇಡ.

ಜೊತೆಗೆ ದರ್ಜಿಯವರು ಬಳಸುವ ಟೇಪು, ಒಂದು ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಪೆನ್ನು ಹುಡುಕುವಷ್ಟರಲ್ಲಿ ಅಂಕಿ ಮರೆತುಹೋಗುವ ಮನೆಗಳೇ ಹೆಚ್ಚು.

ಹಂತ 1: ಒಣ ತೂಕ ಎಷ್ಟು ಎಂದು ಕೇಳಿಕೊಳ್ಳಿ

ಒಣ ತೂಕ ಎಂದರೆ ಮೈಯಲ್ಲಿ ಹೆಚ್ಚುವರಿ ನೀರು ನಿಲ್ಲದೆ ಇರುವಾಗಿನ ತೂಕ. ಕಾಲಿನ ಬಾವು ಇಳಿದು, ಉಸಿರು ಸಲೀಸಾಗಿ, ರಾತ್ರಿ ಮಲಗಿ ನಿದ್ದೆ ಮಾಡುವ ಹಾಗಾದಾಗಿನ ಅಂಕಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ "ಇವರ ಒಣ ತೂಕ ಎಷ್ಟು ಅಂತ ಇಟ್ಟುಕೊಳ್ಳಬೇಕು?" ಎಂದು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ಮರುದಿನ ಬೆಳಗ್ಗೆ ನಿಮ್ಮ ಯಂತ್ರದಲ್ಲೇ ಇನ್ನೊಮ್ಮೆ ತೂಗಿ. ಆಸ್ಪತ್ರೆಯ ಯಂತ್ರಕ್ಕೂ ನಿಮ್ಮದಕ್ಕೂ ಒಂದು ಕೆಜಿ ವ್ಯತ್ಯಾಸ ಬರುವುದು ಮಾಮೂಲಿ. ಇನ್ನು ಮುಂದೆ ಲೆಕ್ಕಕ್ಕೆ ಬರುವುದು ನಿಮ್ಮ ಯಂತ್ರದ ಅಂಕಿ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಈ ಅಂಕಿ ಜೀವನಪೂರ್ತಿ ಹಾಗೇ ಇರುವುದಿಲ್ಲ. ಪ್ರತಿ ಭೇಟಿಯಲ್ಲೂ "ಒಣ ತೂಕ ಅಷ್ಟೇ ಇದೆಯಾ, ಬದಲಾಗಿದೆಯಾ?" ಎಂದು ಕೇಳಿ. ಯಾಕೆ ಎಂಬುದು ಆರನೇ ಹಂತದಲ್ಲಿ ತಿಳಿಯುತ್ತದೆ.

ಹಂತ 2: ದಿನಾ ಬೆಳಗ್ಗೆ, ಒಂದೇ ರೀತಿಯಲ್ಲಿ

ಎದ್ದ ಮೇಲೆ ಮೂತ್ರಕ್ಕೆ ಹೋಗಿ ಬನ್ನಿ. ಕಾಫಿಗೆ, ತಿಂಡಿಗೆ, ಬೆಳಗಿನ ಮಾತ್ರೆಗೆ ಮೊದಲೇ ತೂಗಬೇಕು. ಲ್ಯಾಸಿಕ್ಸ್ ಅಥವಾ ಡೈಟರ್‌ನಂಥ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಔಷಧಿ, ನುಂಗಿದ ಒಂದೆರಡು ಗಂಟೆಯಲ್ಲೇ ಅಂಕಿ ಬದಲಾಗಿಬಿಡುತ್ತದೆ.

ಯಂತ್ರ ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲೆ ಇಡಬೇಡಿ. ಹಳೆಯ ಮನೆಗಳ ಕಡಪ ಕಲ್ಲಿನ ನೆಲದಲ್ಲಿ ಒಂದು ಕಲ್ಲು ಎತ್ತರ, ಒಂದು ತಗ್ಗು ಇರುತ್ತದೆ. ಎರಡು ಕಲ್ಲಿನ ಸಂದಿಯ ಮೇಲೆ ಇಟ್ಟರೆ ಯಂತ್ರ ಅಲುಗಾಡಿ ತಪ್ಪು ತೋರಿಸುತ್ತದೆ. ಅಲುಗಾಡದ ಒಂದು ಜಾಗ ಗೊತ್ತು ಮಾಡಿ ಅಲ್ಲೇ ಬಿಡಿ. ಬಟ್ಟೆಯೂ ದಿನಾ ಒಂದೇ ಬಗೆಯದಿರಲಿ. ಒಂದು ದಿನ ನೈಟಿ, ಮರುದಿನ ಸೀರೆ ಉಟ್ಟು ತೂಗಿದರೆ ಅರ್ಧ ಕೆಜಿ ಸುಮ್ಮನೆ ಏರಿದಂತೆ ಕಾಣುತ್ತದೆ. ಚಳಿಗಾಲದ ಸ್ವೆಟರು, ಜೇಬಿನ ಮೊಬೈಲು, ಕಾಲಿನ ಚಪ್ಪಲಿ ಎಲ್ಲ ಪಕ್ಕಕ್ಕಿಡಿ.

ಅಂಕಿಯನ್ನು ತಕ್ಷಣ ಬರೆಯಿರಿ. ಪಕ್ಕದಲ್ಲೇ ಎರಡು ಸಣ್ಣ ಟಿಪ್ಪಣಿ ಇರಲಿ: ಮಲಗಿದಾಗ ಉಸಿರು ಸಲೀಸಾಗಲು ರಾತ್ರಿ ತಲೆಯಡಿ ಎಷ್ಟು ದಿಂಬು ಬೇಕಾಯಿತು, ಕಾಲು ಬಾತಿದೆಯೋ ಇಲ್ಲವೋ. ಬಾವು ನೋಡಲು ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒಂದರಿಂದ ಹತ್ತು ಎಣಿಸುವವರೆಗೆ ಒತ್ತಿ, ಬಿಡಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ನೀರಿದೆ ಎಂದರ್ಥ. ಸದಾ ಮಲಗಿರುವವರಲ್ಲಿ ನೀರು ಕಾಲಿಗಿಂತ ಸೊಂಟದ ಹಿಂಭಾಗದಲ್ಲಿ ನಿಲ್ಲುತ್ತದೆ, ಅಲ್ಲಿ ಒತ್ತಿ ನೋಡಿ.

ನಿಲ್ಲಲು ಆಗದವರನ್ನು ಬಲವಂತವಾಗಿ ಯಂತ್ರ ಹತ್ತಿಸಬೇಡಿ. ಯಂತ್ರದ ಮೇಲಿಂದ ಬಿದ್ದು ಸೊಂಟ ಮುರಿದರೆ ಅದೇ ದೊಡ್ಡ ಅನಾಹುತ. ಅಂಥವರಿಗೆ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಮತ್ತು ಪಾದದ ಗಂಟಿನ ಮೇಲೆ ಕಾಲಿನ ಸುತ್ತಳತೆಯನ್ನು ಟೇಪಿನಲ್ಲಿ ದಿನಾ ಅಳೆದು ಬರೆದರೆ ಸಾಕು.

ಹಂತ 3: ಏರಿಕೆಯನ್ನು ಓದುವುದು

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಎರಡು ದಿನದಲ್ಲಿ ಎರಡು ಕೆಜಿ ಕೊಬ್ಬು ಬೆಳೆಸಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಬೇಗ ಏರಿದ ತೂಕವೆಲ್ಲ ನೀರು ಎಂದೇ ತಿಳಿಯಿರಿ. ಸಾಮಾನ್ಯವಾಗಿ ಹೇಳುವ ಎಚ್ಚರಿಕೆಯ ಗೆರೆ ಹೀಗಿದೆ: ಒಂದೇ ದಿನದಲ್ಲಿ ಒಂದರಿಂದ ಒಂದೂವರೆ ಕೆಜಿ, ಇಲ್ಲವೇ ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿದರೆ ಡಾಕ್ಟರಿಗೆ ಫೋನ್ ಮಾಡಬೇಕು. ನಿಮ್ಮ ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. 45 ಕೆಜಿಯ ಸಣ್ಣ ಮೈಯವರಿಗೆ ಒಂದು ಕೆಜಿಯೂ ದೊಡ್ಡದೇ.

ಒಂದು ಉದಾಹರಣೆ ಪುಟ ನೋಡಿ. ಒಣ ತೂಕ 61.4 ಎಂದಿಟ್ಟುಕೊಳ್ಳಿ.

ಸೋಮವಾರ 61.4
ಮಂಗಳವಾರ 61.7
ಬುಧವಾರ 61.3
ಗುರುವಾರ 61.9, ನಿನ್ನೆ ಮದುವೆ ಊಟ
ಶುಕ್ರವಾರ 62.6, ಎರಡು ದಿಂಬು
ಶನಿವಾರ 63.4, ಕಾಲಲ್ಲಿ ಗುಳಿ

ಮಂಗಳವಾರ 300 ಗ್ರಾಂ ಏರಿ ಬುಧವಾರ ಇಳಿದದ್ದಕ್ಕೆ ಯೋಚನೆ ಬೇಡ, ಅಷ್ಟು ಆಚೀಚೆ ಎಲ್ಲರಲ್ಲೂ ಇರುತ್ತದೆ. ಗುರುವಾರದಿಂದ ಮೇಲಕ್ಕೇ ಹೋಗುತ್ತಿದೆ, ಒಂದು ದಿನವೂ ಹಿಂದಕ್ಕೆ ಬಂದಿಲ್ಲ. ಫೋನ್ ಮಾಡಬೇಕಾದ ದಿನ ಶುಕ್ರವಾರ. ಎಚ್ಚರಿಕೆಯ ಗೆರೆ ಇನ್ನೂ ದಾಟದಿದ್ದರೂ ಎರಡು ದಿನದಲ್ಲಿ 1.3 ಕೆಜಿ ಏರಿದೆ, ಜೊತೆಗೆ ಇನ್ನೊಂದು ದಿಂಬು ಬೇಕಾಗಿದೆ. ಬಹಳ ಜನ ಶನಿವಾರವೂ ಸುಮ್ಮನಿದ್ದು, ಭಾನುವಾರ ಡಾಕ್ಟರು ಸಿಗುವುದಿಲ್ಲವೆಂದು ಸೋಮವಾರದವರೆಗೆ ತಳ್ಳಿ, ಕೊನೆಗೆ ರಾತ್ರೋರಾತ್ರಿ ಎಮರ್ಜೆನ್ಸಿಗೆ ಬರುತ್ತಾರೆ. ಹಾರ್ಟ್ ಫೇಲ್ಯೂರ್ ಹೆಚ್ಚಾಗಿ ಅಡ್ಮಿಟ್ ಆದವರ ಮನೆಯ ತೂಕವನ್ನು ಅಮೆರಿಕದಲ್ಲಿ ಹಿಂದಿನ ದಿನಗಳವರೆಗೆ ಹೋಗಿ ನೋಡಿದಾಗ, ಅಡ್ಮಿಟ್ ಆಗುವುದಕ್ಕೆ ಕನಿಷ್ಠ ಒಂದು ವಾರ ಮೊದಲೇ ಏರಿಕೆ ಶುರುವಾಗಿತ್ತು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಒಂದು ವಾರ ನಿಮ್ಮ ಕೈಯಲ್ಲಿದೆ. ಆಗಲೇ ಫೋನ್ ಮಾಡಿದರೆ ಮಾತ್ರೆಯ ಪ್ರಮಾಣ ಬದಲಿಸಿ ಸರಿಪಡಿಸುವ ಸಾಧ್ಯತೆ ಇರುತ್ತದೆ. ತಡವಾದರೆ ಡ್ರಿಪ್ಪು, ಆಕ್ಸಿಜನ್ನು.

ಇಲ್ಲಿ ಎರಡು ತಪ್ಪು ಪದೇ ಪದೇ ನಡೆಯುತ್ತವೆ. ಒಂದು, ನಿನ್ನೆಯ ತೂಕಕ್ಕೆ ಮಾತ್ರ ಹೋಲಿಸುವುದು. ದಿನಕ್ಕೆ 300 ಗ್ರಾಂನಂತೆ ಏರುತ್ತ ಹೋದರೆ ಯಾವ ದಿನವೂ ಗಾಬರಿ ಆಗುವುದಿಲ್ಲ, ಹತ್ತು ದಿನಕ್ಕೆ ಮೂರು ಕೆಜಿ ಕೂಡಿರುತ್ತದೆ. ಮೊದಲ ಪುಟದ ಒಣ ತೂಕಕ್ಕೂ ಹೋಲಿಸಿ. ಎರಡು, ತೂಕ ಏರಿಲ್ಲವೆಂದು ನಿಶ್ಚಿಂತೆಯಿಂದ ಇರುವುದು. ಕೆಲವರಲ್ಲಿ ತೂಕ ಹೆಚ್ಚೇನೂ ಬದಲಾಗದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಲಗಿದರೆ ಕೆಮ್ಮು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು, ಬಗ್ಗಿ ಚಪ್ಪಲಿ ಹಾಕುವಾಗ ಏದುಸಿರು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಇವುಗಳಲ್ಲಿ ಯಾವುದೇ ಹೊಸದಾಗಿ ಶುರುವಾದರೂ ಯಂತ್ರದ ಅಂಕಿ ನೋಡದೆ ಫೋನ್ ಮಾಡಿ.

ಕೂತಲ್ಲೇ ಉಸಿರಾಡಲು ಕಷ್ಟ, ತುಟಿ ನೀಲಿಯಾಗುವುದು, ಎದೆನೋವು, ಪ್ರಜ್ಞೆ ತಪ್ಪುವುದು, ಕೆಮ್ಮಿದಾಗ ನೊರೆ ನೊರೆ ಕಫ ಬರುವುದು ಕಂಡರೆ ತೂಕ ನೋಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ಮಲಗಿಸದೆ, ಕಾಲು ಇಳಿಬಿಟ್ಟು ಒರಗಿ ಕೂರುವಂತೆ ಮಾಡಿ. ಪ್ರಜ್ಞೆ ಇಲ್ಲದವರನ್ನು ಮಾತ್ರ ಕೂರಿಸಬೇಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, 108ರವರು ಹೇಳಿದಂತೆ ಮಾಡಿ.

ಹಂತ 4: ಯಾಕೆ ಏರಿತು ಎಂದು ಹುಡುಕುವುದು

ಫೋನ್ ಮಾಡುವಾಗಲೇ ಡಾಕ್ಟರು ಕಾರಣ ಕೇಳುತ್ತಾರೆ. ನೀವೇ ಹಿಂದಿನ ನಾಲ್ಕು ದಿನ ನೆನಪಿಸಿಕೊಳ್ಳಿ.

ಮೊದಲ ಅನುಮಾನ ಉಪ್ಪಿನ ಮೇಲೆ. ಉಪ್ಪು ನೀರನ್ನು ಹಿಡಿದಿಡುತ್ತದೆ. ನಮ್ಮ ಅಡುಗೆಮನೆಯಲ್ಲಿ ಉಪ್ಪು ಎಲ್ಲಿ ಅಡಗಿದೆ ಎಂಬುದು ಸಾರಿಗಿಂತ ಪಕ್ಕದ ಸಾಲಿನಲ್ಲಿ ಕಾಣುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು, ಚೌಚೌ, ಬೇಕರಿಯ ಖಾರಾ ಬನ್ನು. "ಸಾರಿಗೆ ಉಪ್ಪೇ ಹಾಕಲ್ಲ" ಎಂದು ಹೇಳಿ ಊಟದ ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುವವರೂ ಇದ್ದಾರೆ. ಗ್ಯಾಸ್ ಆಗಿದೆ ಎಂದು ನೀರಿಗೆ ಹಾಕಿ ನೊರೆ ಬರಿಸಿ ಕುಡಿಯುವ ಪುಡಿಯಲ್ಲಿ ಇರುವುದು ಸೋಡಾ, ಅದೂ ಸೋಡಿಯಮ್ಮೇ. ನೀರಿನಲ್ಲಿ ಕರಗುವ ಜ್ವರದ ಮಾತ್ರೆಗಳಲ್ಲೂ ಅದು ಇರುತ್ತದೆ.

ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಎನ್ನುವುದು ಪಾಲಿಸಬಹುದಾದ ಮಿತಿ. ಮಟ್ಟಸವಾದ ಒಂದು ಟೀ ಚಮಚ. ಬೆಳಗ್ಗೆಯೇ ಅಷ್ಟಕ್ಕಿಂತ ಕಡಿಮೆ ಉಪ್ಪನ್ನು ಒಂದು ಪುಟ್ಟ ಡಬ್ಬಿಗೆ ಹಾಕಿಡಿ. ಮನೆಯವರಿಗೆಲ್ಲ ಮಾಡಿದ ಸಾರಿಗೆ ಉಪ್ಪು ಹಾಕುವ ಮೊದಲೇ ಇವರ ಪಾಲನ್ನು ತೆಗೆದಿಟ್ಟು, ಆ ಡಬ್ಬಿಯ ಉಪ್ಪನ್ನೇ ಬಳಸಿ. ಅನ್ನ, ರೊಟ್ಟಿ, ಮುದ್ದೆಗೆ ಉಪ್ಪು ಬೇಡವೇ ಬೇಡ. ನಿಂಬೆರಸ, ಶುಂಠಿ, ಬೆಳ್ಳುಳ್ಳಿ ಒಗ್ಗರಣೆ, ಕಾಳುಮೆಣಸು ಹಾಕಿದರೆ ಎರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಗೆಂದು ಉಪ್ಪನ್ನು ಪೂರ್ತಿ ಬಿಟ್ಟು ಊಟವೇ ಸೇರದಂತೆ ಮಾಡಿಬಿಡಬೇಡಿ. ತೀರಾ ಕಟ್ಟುನಿಟ್ಟಾಗಿ ಸೋಡಿಯಂ ಇಳಿಸುವ ಪ್ರಯತ್ನವನ್ನು 806 ರೋಗಿಗಳಲ್ಲಿ ಪರೀಕ್ಷಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಾಗಲಿ ಅಡ್ಮಿಟ್ ಆಗುವುದಾಗಲಿ ಕಡಿಮೆಯಾಗಲಿಲ್ಲ.

ಅಂಗಡಿಯಲ್ಲಿ "ಹೃದಯಕ್ಕೆ ಒಳ್ಳೆಯದು" ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಈ ಕಾಯಿಲೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸಕುಬಿಟ್ರಿಲ್-ವಲ್ಸಾರ್ಟನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ದಿನಾ ಎಳನೀರು ಕುಡಿಯುವುದಕ್ಕೂ ಇದೇ ಮಾತು.

ಎರಡನೇ ಅನುಮಾನ ಔಷಧಿಯ ಮೇಲೆ. ಬಸ್ಸಿನಲ್ಲಿ ಹೋಗಬೇಕು, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ನೀರಿನ ಮಾತ್ರೆ ಬಿಟ್ಟರೇ? ಇದು ತುಂಬಾ ಸಾಮಾನ್ಯ, ಮುಖ್ಯವಾಗಿ ಹೆಂಗಸರಲ್ಲಿ. ಬಿಡುವ ಬದಲು ಊರು ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೇ? ಇವು ಕಿಡ್ನಿಯಲ್ಲಿ ಉಪ್ಪು, ನೀರನ್ನು ತಡೆದು ನಿಲ್ಲಿಸುತ್ತವೆ. ಸ್ಟೀರಾಯ್ಡ್ ಕೂಡ ಹಾಗೆಯೇ. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಎಂಬ ಔಷಧಿ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಬೇಡ. ಆದರೆ ಎರಡು ಮೂರು ಔಷಧಿ ಸೇರಿಸಿದ ಮಾತ್ರೆಯೊಳಗೆ ಅದು ಸೇರಿಕೊಂಡಿರಬಹುದು. ಸ್ಟ್ರಿಪ್ಪಿನ ಹಿಂಭಾಗದ ಸಣ್ಣ ಅಕ್ಷರ ಓದಿ, ಇದ್ದರೆ ಹೃದಯದ ಡಾಕ್ಟರಿಗೆ ತೋರಿಸಿ.

ನೀರು ಎಷ್ಟು ಕುಡಿಯಬೇಕು ಎಂಬುದನ್ನು ಡಾಕ್ಟರು ಹೇಳಿದಂತೆ ಪಾಲಿಸಿ. ಸ್ಥಿರವಾಗಿರುವ ಎಲ್ಲರಿಗೂ ಒಂದೂವರೆ ಲೀಟರಿನ ಕಟ್ಟು ಬೇಕೆಂದೇನಿಲ್ಲ. ತೀವ್ರ ಕಾಯಿಲೆ ಇದ್ದವರಿಗೆ ಅಥವಾ ರಕ್ತದಲ್ಲಿ ಸೋಡಿಯಂ ಇಳಿದವರಿಗೆ ಬೇಕಾಗಬಹುದು.

ಹಂತ 5: ಬೇಗ ಇಳಿದರೂ ಎಚ್ಚರ

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ, ಇಲ್ಲವೇ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಶುರು ಮಾಡಿದಾಗ ಒಂದೆರಡು ಕೆಜಿ ಇಳಿಯುವುದು ನಿರೀಕ್ಷಿತ. ಆದರೆ ವಾಂತಿ, ಭೇದಿ, ಜ್ವರ, ಬಿರುಬಿಸಿಲು, ಇಡೀ ದಿನದ ಉಪವಾಸ ಇವುಗಳ ಬೆನ್ನಿಗೆ ಒಣ ತೂಕಕ್ಕಿಂತ ಎರಡು ಕೆಜಿ ಕೆಳಗಿಳಿದು, ಎದ್ದು ನಿಂತರೆ ತಲೆ ಸುತ್ತಿ, ಮೂತ್ರ ಕಡಿಮೆಯಾದರೆ ಮೈಯಲ್ಲಿ ನೀರು ಸಾಲದೆ ಹೋಗಿದೆ. ಹೀಗಿರುವಾಗ ನೀರಿನ ಮಾತ್ರೆಯನ್ನು ಎಂದಿನಂತೆ ನುಂಗಿದರೆ ಕಿಡ್ನಿಗೆ ಪೆಟ್ಟು. ಅಂದೇ ಫೋನ್ ಮಾಡಿ ಯಾವ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕೆಂದು ಕೇಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಈ ಮಾತನ್ನು ಉಪವಾಸಕ್ಕೆ ಮೊದಲೇ ಆಡಿರಬೇಕು.

ಹಂತ 6: ಮೆಲ್ಲಗೆ ಇಳಿಯುವ ತೂಕ, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ್ದು

ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಪ್ರಯತ್ನವಿಲ್ಲದೆ ತಿಂಗಳುಗಟ್ಟಲೆ ತೂಕ ಇಳಿದಾಗ ಮನೆಯವರು ಸಂತೋಷ ಪಡುತ್ತಾರೆ, ನೆಂಟರು "ತೆಳ್ಳಗಾಗಿದ್ದೀರಿ, ಚೆನ್ನಾಗಿದ್ದೀರಿ" ಎನ್ನುತ್ತಾರೆ. ಹಾರ್ಟ್ ಫೇಲ್ಯೂರ್‌ನಲ್ಲಿ ಅದು ಕೆಟ್ಟ ಸೂಚನೆ. ಕಾಯಿಲೆ ಮುಂದುವರಿದಾಗ ಕರುಳಿನಲ್ಲೂ ನೀರು ನಿಂತು ಹಸಿವು ಸಾಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಮೈಯೊಳಗಿನ ಉರಿಯೂತ ಖಂಡವನ್ನು ಕರಗಿಸುತ್ತದೆ. ಈ ಸೊರಗುವಿಕೆಗೆ ವೈದ್ಯರು ಕ್ಯಾಕೆಕ್ಸಿಯಾ ಎನ್ನುತ್ತಾರೆ. 1997ರಲ್ಲಿ ಸಂಶೋಧಕ ಸ್ಟೆಫಾನ್ ಆಂಕರ್ ಮತ್ತು ಸಂಗಡಿಗರು 171 ರೋಗಿಗಳನ್ನು ಅನುಸರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಸೊರಗಿದವರಲ್ಲಿ ಅರ್ಧದಷ್ಟು ಜನ 18 ತಿಂಗಳೊಳಗೆ ತೀರಿಕೊಂಡಿದ್ದರು. ಸೊರಗದವರಲ್ಲಿ ಆ ಪ್ರಮಾಣ ಶೇ 17. ಹೆದರಿಸಲು ಈ ಅಂಕಿ ಹೇಳುತ್ತಿಲ್ಲ. ಅಂದಿನಿಂದ ಇಂದಿಗೆ ಔಷಧಿಗಳು ಬಹಳ ಸುಧಾರಿಸಿವೆ. ಆದರೆ ಇಳಿಯುವ ತೂಕವನ್ನು ಒಳ್ಳೆಯ ಸುದ್ದಿ ಎಂದು ತಿಳಿದು ಸುಮ್ಮನಿರಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲೆಕ್ಕ ಹೀಗೆ ಹಾಕಿ: ಬಾವು ಇಲ್ಲದಾಗಿನ ತೂಕ ಒಂದು ವರ್ಷದೊಳಗೆ ಶೇ 5ರಷ್ಟು ತಾನಾಗಿ ಇಳಿದರೆ ಡಾಕ್ಟರಿಗೆ ತಿಳಿಸಬೇಕು. 64 ಕೆಜಿಯವರಿಗೆ ಅದು 3.2 ಕೆಜಿ ಮಾತ್ರ.

ಇಲ್ಲೊಂದು ಮೋಸವಿದೆ, ಅನುಭವಸ್ಥರೂ ಬೀಳುವಂಥದ್ದು. ಎರಡು ಕೆಜಿ ಖಂಡ ಕರಗಿ ಅದೇ ಹೊತ್ತಿನಲ್ಲಿ ಎರಡು ಲೀಟರ್ ನೀರು ತುಂಬಿಕೊಂಡರೆ ಯಂತ್ರ ಅದೇ ಅಂಕಿ ತೋರಿಸುತ್ತದೆ. ನೋಟ್‌ಬುಕ್ಕು ತಿಂಗಳುಗಟ್ಟಲೆ "61.4, 61.5, 61.4" ಎಂದು ಸಮಾಧಾನ ಹೇಳುತ್ತದೆ, ರೋಗಿ ಮಾತ್ರ ಬಡವಾಗಿ, ಉಸಿರು ಬಿಗಿಯಾಗಿ ಕೂತಿರುತ್ತಾರೆ. ಅದಕ್ಕೇ ಟೇಪು ಬೇಕು ಎಂದದ್ದು. ತಿಂಗಳಿಗೊಮ್ಮೆ, ಅದೇ ತಾರೀಖಿನಂದು, ಭುಜದ ಮೂಳೆಯ ತುದಿಗೂ ಮೊಣಕೈಗೂ ನಡುಮಧ್ಯದಲ್ಲಿ ತೋಳಿನ ಸುತ್ತಳತೆ ತೆಗೆಯಿರಿ. ನೀರು ಸಾಮಾನ್ಯವಾಗಿ ತೋಳಿಗೆ ಇಳಿಯುವುದಿಲ್ಲವಾದ್ದರಿಂದ ತೋಳು ನಿಜ ಹೇಳುತ್ತದೆ. ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುವುದು, ಹಣೆಯ ಪಕ್ಕ ಗುಳಿ ಬೀಳುವುದು, ಕುರ್ಚಿಯಿಂದ ಕೈಯೂರದೆ ಏಳಲು ಆಗದಿರುವುದು ಇವನ್ನೂ ಬರೆದಿಡಿ. ತೋಳು ಸಣ್ಣಗಾಗುತ್ತಾ ತೂಕ ಹಾಗೇ ಇದ್ದರೆ ಒಣ ತೂಕವನ್ನು ಕೆಳಗಿಳಿಸಬೇಕಾಗಿರಬಹುದು. ಒಂದನೇ ಹಂತದಲ್ಲಿ ಪ್ರತಿ ಸಲ ಕೇಳಿ ಎಂದದ್ದು ಇದಕ್ಕೇ.

ಊಟದ ವಿಷಯ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ತುಂಬಿದ ಹೊಟ್ಟೆ ಉಸಿರಿಗೆ ತೊಂದರೆ. ಪ್ರೋಟೀನ್ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 1.1 ಗ್ರಾಂ ಬೇಕು ಎನ್ನುತ್ತಾರೆ. 60 ಕೆಜಿಯವರಿಗೆ 66 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಅನ್ನ ತಿಳಿಸಾರಿನ ಊಟದಲ್ಲಿ ಇದು ಹತ್ತಿರಕ್ಕೂ ಬರುವುದಿಲ್ಲ. ಮೊಳಕೆ ಹುರುಳಿ, ಹೆಸರುಬೇಳೆ ಕೋಸಂಬರಿ, ನುಚ್ಚಿನುಂಡೆ, ಗಟ್ಟಿ ಮೊಸರು, ಪನೀರ್, ತಾಜಾ ಮೀನು, ಕೋಳಿ, ಮೊಟ್ಟೆ ಇವುಗಳಲ್ಲಿ ಮನೆಗೆ ಒಗ್ಗುವುದನ್ನು ಪ್ರತಿ ಊಟದಲ್ಲೂ ಇರಿಸಿ. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣ ಬೇರೆ, ಡಾಕ್ಟರು ಹೇಳಬೇಕು. "ಹೃದ್ರೋಗಿಗೆ ಗಂಜಿಯೇ ಸಾಕು" ಎನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ.

ಖಂಡ ಉಳಿಯಬೇಕಾದರೆ ಅದಕ್ಕೆ ಕೆಲಸವೂ ಬೇಕು. ಸ್ಥಿರವಾಗಿರುವವರು ಡಾಕ್ಟರ ಒಪ್ಪಿಗೆ ಪಡೆದು, ಮಾತಾಡುತ್ತಾ ನಡೆಯಲು ಸಾಧ್ಯವಾಗುವಷ್ಟು ವೇಗದಲ್ಲಿ ನಡೆಯಲಿ, ಕುರ್ಚಿಯಿಂದ ಎದ್ದು ಕೂರುವುದನ್ನು ಅಭ್ಯಾಸ ಮಾಡಲಿ. ಮಾತು ತುಂಡಾದರೆ ನಿಲ್ಲಬೇಕು.

ತೂಕ ಇಳಿಯುವುದಕ್ಕೆ ಥೈರಾಯ್ಡ್, ಹತೋಟಿಯಲ್ಲಿಲ್ಲದ ಸಕ್ಕರೆ, ಟಿಬಿ, ಕ್ಯಾನ್ಸರ್, ಮಾತ್ರೆಯಿಂದ ಬರುವ ವಾಕರಿಕೆ, ಸರಿಯಾಗಿ ಕೂರದ ಹಲ್ಲಿನ ಸೆಟ್ಟು, ಮನಸ್ಸಿನ ಖಿನ್ನತೆಯೂ ಕಾರಣವಿರಬಹುದು. ಎಲ್ಲವನ್ನೂ ಹೃದಯದ ಮೇಲೆ ಹಾಕದೆ ಪರೀಕ್ಷೆ ಮಾಡಿಸಿ.

ಹಂತ 7: ದಪ್ಪ ಇದ್ದವರು ಇಳಿಸಬೇಕೆ?

ವಾಟ್ಸಾಪ್ ಸಂದೇಶ ಪೂರ್ತಿ ಸುಳ್ಳಲ್ಲ, ಅರ್ಧ ಕಥೆ. ಬೊಜ್ಜು ಹಾರ್ಟ್ ಫೇಲ್ಯೂರ್ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 5,881 ಜನರನ್ನು ಸರಾಸರಿ 14 ವರ್ಷ ಅನುಸರಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬೊಜ್ಜು ಇದ್ದವರಿಗೆ ಈ ಕಾಯಿಲೆ ಬರುವ ಅಪಾಯ ಇಮ್ಮಡಿ. ವಿಚಿತ್ರ ಕಂಡದ್ದು ಕಾಯಿಲೆ ಬಂದ ಮೇಲೆ. ಲಾಸ್ ಏಂಜಲೀಸ್‌ನಲ್ಲಿ ತೀವ್ರ ಹಾರ್ಟ್ ಫೇಲ್ಯೂರ್ ಇದ್ದ 1,203 ಜನರ ಮೇಲಿನ 2001ರ ಅಧ್ಯಯನದಲ್ಲಿ ದಪ್ಪ ಇದ್ದವರು ತೆಳ್ಳಗಿದ್ದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಆಮೇಲೆ ಬಂದ ಹಲವು ಅಧ್ಯಯನಗಳಲ್ಲೂ ಇದೇ ಕಂಡಿತು. ಇದಕ್ಕೆ ಬೊಜ್ಜಿನ ವಿರೋಧಾಭಾಸ ಎಂಬ ಹೆಸರೂ ಬಿತ್ತು.

ಆದರೆ ಆ ಲೆಕ್ಕವೆಲ್ಲ ಬಿಎಂಐ ಮೇಲೆ ನಿಂತಿತ್ತು. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಅದು. ಅದಕ್ಕೆ ಕೊಬ್ಬೂ ಒಂದೇ, ಖಂಡವೂ ಒಂದೇ, ಕಾಲಲ್ಲಿ ನಿಂತ ನೀರೂ ಒಂದೇ. ತೆಳ್ಳಗಿನವರ ಗುಂಪಿನಲ್ಲಿ ಆರನೇ ಹಂತದಲ್ಲಿ ಹೇಳಿದಂತೆ ಸೊರಗಿದವರು ಸೇರಿರುತ್ತಾರೆ, ಹಾಗಾಗಿ ದಪ್ಪಗಿನವರು ವಾಸಿ ಎಂದು ಕಾಣುತ್ತದೆ. ದಪ್ಪಗಿನವರಿಗೆ ಉಸಿರಾಟದ ತೊಂದರೆ ಬೇಗ ಗೊತ್ತಾಗಿ, ಕಡಿಮೆ ವಯಸ್ಸಿನಲ್ಲೇ ಕಾಯಿಲೆ ಪತ್ತೆಯಾಗುವುದೂ ಇದೆ. ಪ್ಯಾರಡೈಮ್-ಎಚ್‌ಎಫ್ ಎಂಬ 8,399 ಜನರ ದೊಡ್ಡ ಪ್ರಯೋಗದ ಮಾಹಿತಿಯನ್ನು 2023ರಲ್ಲಿ ಮತ್ತೆ ತೆಗೆದು, ಬಿಎಂಐ ಬದಲು ಸೊಂಟದ ಸುತ್ತಳತೆಯನ್ನು ಎತ್ತರಕ್ಕೆ ಹೋಲಿಸಿ ನೋಡಿದಾಗ ಆ ವಿರೋಧಾಭಾಸ ಮಾಯವಾಯಿತು. ಸೊಂಟ ದೊಡ್ಡದಾದಷ್ಟೂ ಹಾರ್ಟ್ ಫೇಲ್ಯೂರ್‌ನಿಂದ ಅಡ್ಮಿಟ್ ಆಗುವ ಅಪಾಯ ಹೆಚ್ಚು ಎಂದೇ ಕಂಡಿತು.

ಆದ್ದರಿಂದ ನನ್ನ ಸಲಹೆ: ಬಿಎಂಐಗಿಂತ ಟೇಪನ್ನು ನಂಬಿ. ಬಾವು ಇಲ್ಲದ ದಿನ ಸೊಂಟ ಅಳೆಯಿರಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 80ರ ಒಳಗೆ. ಭಾರತೀಯರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ಹೆಚ್ಚು. ಅಂಥವರ ಬಿಎಂಐ 24 ಇದ್ದರೂ ಒಳಗಿನ ಕೊಬ್ಬು ಕಡಿಮೆ ಇರುವುದಿಲ್ಲ.

ಇಲ್ಲಿಂದ ಮುಂದೆ ಇಎಫ್ ನೋಡಿ. ಇಎಫ್ 50ರ ಮೇಲಿದ್ದು ಬೊಜ್ಜು ಇದ್ದವರಿಗೆ ತೂಕ ಇಳಿಸುವುದರಿಂದ ನಿಜವಾದ ಲಾಭ ಕಂಡಿದೆ. 2023ರಲ್ಲಿ ಪ್ರಕಟವಾದ ಸ್ಟೆಪ್-ಎಚ್‌ಎಫ್‌ಪಿಇಎಫ್ ಪ್ರಯೋಗದಲ್ಲಿ, ಇಎಫ್ 45 ಅಥವಾ ಹೆಚ್ಚಿದ್ದ 529 ಬೊಜ್ಜಿನ ರೋಗಿಗಳಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಪಡೆದವರ ತೂಕ ವರ್ಷದಲ್ಲಿ ಸರಾಸರಿ ಶೇ 13.3 ಇಳಿಯಿತು, ಉಸಿರಾಟ, ನಡೆಯುವ ಶಕ್ತಿ ಎರಡೂ ಸುಧಾರಿಸಿದವು. ಟಿರ್ಜೆಪಟೈಡ್ ಎಂಬ ಅಂಥದೇ ಇಂಜೆಕ್ಷನ್ ಮೇಲಿನ ಸಮಿಟ್ ಪ್ರಯೋಗದಲ್ಲಿ ಕಾಯಿಲೆ ಉಲ್ಬಣಿಸುವುದೂ ಕಡಿಮೆಯಾಯಿತು. ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇರುವವರ ಮಾತು ಬೇರೆ. ಇದೇ ಗುಂಪಿನ ಹಳೆಯ ಔಷಧಿ ಲಿರಾಗ್ಲುಟೈಡ್ ಅವರಿಗೆ ಲಾಭ ಮಾಡಲಿಲ್ಲ. ಜಾಹೀರಾತು ನೋಡಿ, ಸ್ನೇಹಿತರು ಹೇಳಿದರೆಂದು ಈ ಇಂಜೆಕ್ಷನ್ ಶುರು ಮಾಡಬೇಡಿ. ಅವು ಹಸಿವನ್ನೇ ಇಳಿಸುವುದರಿಂದ ಕೊಬ್ಬಿನ ಜೊತೆ ಖಂಡವೂ ಹೋಗುತ್ತದೆ, ನೀರಿನ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ.

ಔಷಧಿಯಿಲ್ಲದೆ ಇಳಿಸುವವರು ತಿಂಗಳಿಗೆ ಒಂದೆರಡು ಕೆಜಿ ದಾಟಬೇಡಿ. ಸಕ್ಕರೆ, ಕರಿದ ತಿಂಡಿ, ಎರಡನೇ ಸಲ ಬಡಿಸಿಕೊಳ್ಳುವ ಅನ್ನ ಬಿಡಿ, ಪ್ರೋಟೀನ್ ಬಿಡಬೇಡಿ. ಕೀಟೋ, ಹದಿನೈದು ದಿನ ಬರೀ ಜ್ಯೂಸು, ಬೆವರಿಳಿಸುವ ಬೆಲ್ಟು ಇವುಗಳ ಹತ್ತಿರ ಹೋಗಬೇಡಿ. ತೂಕ ಇಳಿಯಲೆಂದು ನೀರಿನ ಮಾತ್ರೆ ಹೆಚ್ಚಿಗೆ ನುಂಗುವವರೂ ಇದ್ದಾರೆ. ಅದರಿಂದ ಒಂದು ಗ್ರಾಂ ಕೊಬ್ಬೂ ಹೋಗುವುದಿಲ್ಲ, ಕಿಡ್ನಿ ಹೋಗಬಹುದು.

ದಪ್ಪ ಇರುವವರು ಇನ್ನೊಂದು ಗಮನಿಸಿ. ಹೃದಯಕ್ಕೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರುವ ಬಿಎನ್‌ಪಿ ಎಂಬ ಪದಾರ್ಥ ಬೊಜ್ಜು ಇದ್ದವರಲ್ಲಿ ಕಡಿಮೆಯೇ ಇರುತ್ತದೆ. ವರದಿ ನಾರ್ಮಲ್ ಎಂದು ಬಂದರೂ ಏದುಸಿರು ಇದ್ದರೆ ಎಕೋ ಬೇಕೇ ಎಂದು ಕೇಳಿ.

ಹಂತ 8: ಡಾಕ್ಟರ ಬಳಿ ಹೋಗುವಾಗ

ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗಿ. "ಎಲ್ಲ ಚೆನ್ನಾಗಿದೆ" ಎಂದು ಬಾಯಲ್ಲಿ ಹೇಳಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಒಪಿಡಿಯಲ್ಲಿ ಸಿಗುವುದು ಕೆಲವೇ ನಿಮಿಷ, ಹಾಗಾಗಿ ಮೇಲಿನ ಪುಟದಲ್ಲೇ ಇಷ್ಟನ್ನು ಬರೆದಿಡಿ: ಒಣ ತೂಕ, ಕಳೆದ ಏಳು ದಿನದ ತೂಕ, ಮೂರು ತಿಂಗಳ ಹಿಂದಿನ ತೂಕ, ತೋಳು ಮತ್ತು ಸೊಂಟದ ಅಳತೆ, ಎಷ್ಟು ದಿಂಬು. ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ, ಮಂಡಿನೋವಿನ ಮಾತ್ರೆ ಮತ್ತು ಆಯುರ್ವೇದದ ಡಬ್ಬಿಯೂ ಸೇರಿ.

ಅಲ್ಲಿ ಕೇಳಿ ಬರೆಸಿಕೊಳ್ಳಬೇಕಾದದ್ದು: ಈಗಿನ ಒಣ ತೂಕ ಎಷ್ಟು, ಎಷ್ಟು ಏರಿದರೆ ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು, ರಾತ್ರಿ ಅಥವಾ ಭಾನುವಾರವಾದರೆ ಯಾರಿಗೆ, ಏರಿದಾಗ ನೀರಿನ ಮಾತ್ರೆಯನ್ನು ನಾವೇ ಒಂದು ಹೆಚ್ಚಿಗೆ ಕೊಡಬಹುದೇ, ಕೊಟ್ಟರೆ ಎಷ್ಟು ದಿನ, ಪೊಟ್ಯಾಸಿಯಂ ಮತ್ತು ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮತ್ತೆ ಯಾವಾಗ. ಉತ್ತರಗಳನ್ನು ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿ, ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿಡಿ. ದಿನಾ ತೂಗಿಸುವವರು ಊರಲ್ಲಿಲ್ಲದ ದಿನವೂ ಬೆಳಗ್ಗೆ ಯಾರಾದರೂ ಆ ಅಂಕಿ ಬರೆಯಬೇಕಲ್ಲ.